ಸಂಡೂರು ಸೀಮೆಯ ಚುನಾವಣೆಗಳು: ಒಂದು ಸಮೀಕ್ಷೆ

ಅರಸೊತ್ತಿಗೆಯಾಗಲಿ ಏಕಪಕ್ಷದ ಆಳ್ವಿಕೆಯಾಗಲಿ ಅಳಿದ ನಾಡಿನಲ್ಲಿ ಮತದ ಹಕ್ಕು ಒಂದೇ ದಿನದಲ್ಲಿ ಜನರ ಕೈಸೇರಬಹುದಾದರೂ, ಹಳೆಯ ಅಧಿಕಾರದ ನೆರಳು ಸರಿಯಬೇಕಾದರೆ ತಲೆಮಾರುಗಳೇ ಸಂದುಹೋಗಬೇಕಾಗುತ್ತವೆಂಬುದಕ್ಕೆ ಗಣಿಯೂರಾದ ದೋಣಿಮಲೈಯನ್ನು ತನ್ನ ಮಡಿಲಲ್ಲಿರಿಸಿಕೊಂಡ ಸಂಡೂರು ಸೀಮೆಯ ಚರಿತ್ರೆಯು ಸಾಕ್ಷಿಯಾಗಿದೆ.

ಘೋರ್ಪಡೆ ಮನೆತನದ ಈ ಪುಟ್ಟ ಮರಾಠಾ ಸಂಸ್ಥಾನವು 1932ರಲ್ಲಿಯೇ ಹರಿಜನರಿಗೆ ದೇವಾಲಯಗಳ ಬಾಗಿಲು ತೆರೆದು ಗಾಂಧೀಜಿಯವರ ಮೆಚ್ಚುಗೆಗೆ ಪಾತ್ರವಾಗಿತ್ತು. 1949ರಲ್ಲಿ ಅದು ಮದರಾಸು ಪ್ರಾಂತದಲ್ಲಿ ವಿಲೀನವಾಗಿ ಬಳ್ಳಾರಿ ಜಿಲ್ಲೆಗೆ ಸೇರಿತು. ಅನಂತರದ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ, ಅಂದಿನವರೆಗೆ ಅರಮನೆಯ ಪ್ರಜೆಗಳಾಗಿದ್ದ, 21 ವರ್ಷ ತುಂಬಿದ ಸ್ತ್ರೀಪುರುಷರು ಪರದೆಯ ಮರೆಗೆ ಹೋಗಿ, ಅಭ್ಯರ್ಥಿಗೊಂದರಂತೆ ಸಾಲಾಗಿ ಇರಿಸಿದ್ದ ಪೆಟ್ಟಿಗೆಗಳ ಮೇಲಿನ ಚಿಹ್ನೆಗಳನ್ನು ನೋಡಿ, ತಮಗೆ ಬೇಕಾದವರ ಪೆಟ್ಟಿಗೆಗೆ ಚೀಟಿಯನ್ನು ಹಾಕಿದರು. ಜೋಡೆತ್ತಿನ ಗುರುತಿನ ಕಾಂಗ್ರೆಸ್ಸಿನಿಂದ ಟೇಕೂರು ಸುಬ್ರಹ್ಮಣ್ಯಂ ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಬಂದರು. 1953ರ ಅಕ್ಟೋಬರ್ 1ರಂದು ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು.

ಹಳೆಯ ಅಧಿಕಾರ ಮತದ ಮೂಲಕವೇ ಮರಳುವುದನ್ನು ಏಕಪಕ್ಷದ ಆಳ್ವಿಕೆ ಅಳಿದ ನಾಡಿನಲ್ಲಿಯೂ ಕಾಣಬಹುದು. ರುಮೇನಿಯದ ಜನ 1990ರ ಮೇ 20ರಂದು, ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಪತನವಾಗಿ ಅರ್ಧ ವರ್ಷವೂ ಕಳೆಯದಿರುವಾಗ, ಅಧ್ಯಕ್ಷನನ್ನೂ ಸಂಸತ್ತನ್ನೂ ಒಂದೇ ದಿನ ಆರಿಸಿದರು. ಶೇಕಡ 85ರಷ್ಟು ಮತ ಪಡೆದು ಅಧ್ಯಕ್ಷರಾದ ಇಲಿಯೆಸ್ಕು ಹಿಂದಿನ ಕಮ್ಯುನಿಸ್ಟ್ ಪಕ್ಷದಲ್ಲಿ ಉನ್ನತ ಸ್ಥಾನದಲ್ಲಿದ್ದವರೇ. ಸಂಡೂರಿನಲ್ಲಿಯೂ ಹಳೆಯ ಮನೆತನವು ಮತಪತ್ರದ ಮೂಲಕ ಮರಳಿ ಬಂದಿತು. ಎಂ. ವೈ. ಘೋರ್ಪಡೆಯವರು ಇಲ್ಲಿಂದ ಹಲವು ಬಾರಿ ಶಾಸಕರಾಗಿ, ದೇವರಾಜ ಅರಸರ ಸಂಪುಟದಲ್ಲಿ ಅರ್ಥಸಚಿವರೂ ಆದರು. ಅವರ ಯೋಗ್ಯತೆಯ ವಿಷಯದಲ್ಲಿ ನನಗೆ ಗೌರವವಿದೆ. ಆದರೆ 1973ರಲ್ಲಿ ಸಮಾಜವಾದಿಗಳ ನೇತೃತ್ವದಲ್ಲಿ ಇಲ್ಲಿನ ಗೇಣಿರೈತರು ಭೂಮಿಯ ಹಕ್ಕಿಗಾಗಿ ಹೋರಾಡಬೇಕಾಯಿತೆಂಬುದನ್ನು ನೆನೆದರೆ, ಮತ ಹಾಕಿದ ಮಾತ್ರಕ್ಕೆ ನೆಲದ ಮೇಲಿನ ಒಡೆತನ ಬದಲಾಗದೆಂಬುದು ಮನದಟ್ಟಾಗುತ್ತದೆ.

1977ರಲ್ಲಿ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದಿರಿನ ಗಣಿ ಕಾರ್ಯಾರಂಭ ಮಾಡಿ, ಕಾರ್ಮಿಕರ ಊರೊಂದು ಬೆಳೆಯಿತು. 1989ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿದು ಎಳೆಯರೂ ಮತದಾರರಾದರು. 1999ರ ಲೋಕಸಭಾ ಚುನಾವಣೆಯಲ್ಲಿ ಸೋನಿಯಾ ಗಾಂಧಿಯವರು ಸುಷ್ಮಾ ಸ್ವರಾಜರನ್ನು ಸುಮಾರು 56 ಸಾವಿರ ಮತಗಳಿಂದ ಸೋಲಿಸಿದಾಗ ದೇಶವೆಲ್ಲ ಬಳ್ಳಾರಿಯ ಕಡೆಗೆ ನೋಡಿತು. ಆದರೆ ಗೆದ್ದವರು ಅಮೇಠಿಯನ್ನು ಉಳಿಸಿಕೊಂಡು ಈ ಸ್ಥಾನವನ್ನು ಬಿಟ್ಟುಕೊಟ್ಟರು. 1952ರಿಂದ ಕಾಂಗ್ರೆಸ್ಸಿನ ವಶದಲ್ಲಿದ್ದ ಕ್ಷೇತ್ರ 2004ರಲ್ಲಿ ಭಾರತೀಯ ಜನತಾ ಪಕ್ಷದ ಪಾಲಾಯಿತು. ಅದಿರಿನ ಬೆಲೆ ಗಗನಕ್ಕೇರಿದ್ದ ಆ ವರ್ಷಗಳಲ್ಲಿ ಅರಮನೆಯ ಜಾಗದಲ್ಲಿ ಗಣಿಯ ಹಣ ಬಂದು ಕುಳಿತಿತೆಂದರೆ ಅದು ಅತಿಶಯೋಕ್ತಿಯಾಗಲಾರದು. 2011ರ ಜುಲೈಯಲ್ಲಿ ಅಕ್ರಮ ಗಣಿಗಾರಿಕೆಯ ಕುರಿತು ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಹೊರಬಂದು, ಸುಪ್ರೀಂ ಕೋರ್ಟು ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಯಿತು.

2008ರಿಂದ ಸಂಡೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿ, ಇ. ತುಕಾರಾಂ ಅವರು ನಾಲ್ಕು ಬಾರಿ ಶಾಸಕರಾದರು. 2024ರಲ್ಲಿ ಅವರು ಲೋಕಸಭೆಗೆ ಹೋದಾಗ, ಉಪಚುನಾವಣೆಯಲ್ಲಿ ಅವರ ಪತ್ನಿ ಅನ್ನಪೂರ್ಣ ಗೆದ್ದರು. ಶತಮಾನಗಳ ಕಾಲ ಆಳಿಸಿಕೊಂಡ ಸಮುದಾಯಕ್ಕೆ ಆಳುವ ಪೀಠ ದೊರೆತದ್ದು, ನನ್ನ ಎಣಿಕೆಯಲ್ಲಿ, ಈ ಏಳು ದಶಕಗಳ ದೊಡ್ಡ ಗಳಿಕೆ. ಇನ್ನು ಮೇಲೆ ಮತ ಕೇಳಲು ಬರುವವರನ್ನು, ಯಾವ ಪಕ್ಷದವರೇ ಆಗಲಿ, ಗಣಿಬಾಧಿತ ಊರುಗಳಿಗೆಂದಿರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ನಮ್ಮೂರಿನ ಕುಡಿಯುವ ನೀರಿಗೂ ಶಾಲೆಗೂ ಎಷ್ಟು ಬಂದಿತೆಂದು ಮತದಾರರು ಲೆಕ್ಕ ಕೇಳಬೇಕು.