‘ಇ’ ಕೋಡ್ ಇದ್ದರೆ ಹಂದಿ ಕೊಬ್ಬು ಇದೆಯೇ? ಸಿಹಿತಿಂಡಿ ಹಲಾಲ್ ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಸಾರಾಂಶ

ಚಾಕೊಲೇಟ್, ಬಿಸ್ಕತ್ತು, ಜೆಲ್ಲಿ ಮಿಠಾಯಿಗಳ ಪ್ಯಾಕೆಟ್ ಮೇಲಿರುವ ‘ಇ’ ಕೋಡ್‌ಗಳು ಹಂದಿ ಕೊಬ್ಬನ್ನು ಮುಚ್ಚಿಡುವ ಗುಪ್ತ ಹೆಸರುಗಳು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಈ ಹೇಳಿಕೆ ಬಹುಪಾಲು ಸುಳ್ಳು. ಪಟ್ಟಿಯಲ್ಲಿರುವ ಹಲವು ಕೋಡ್‌ಗಳು ಗಿಡಮರಗಳಿಂದ ಬಂದ ವಸ್ತುಗಳವು. ಕೆಲವು ಪದಾರ್ಥಗಳನ್ನು ಮಾತ್ರ ನಿಜಕ್ಕೂ ಗಮನಿಸಿ ನೋಡಬೇಕು.

ಹೇಳಿಕೆ

ವಿದೇಶದ ವೈದ್ಯರೊಬ್ಬರ ಹೆಸರಿನಲ್ಲಿ ಬರುವ ಈ ಸಂದೇಶ ಇ100, ಇ110, ಇ120, ಇ140 ಎಂದು ಶುರುವಾಗಿ ಇ471 ದಾಟಿ ಉದ್ದಕ್ಕೆ ಸಾಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಆ ತಿಂಡಿಯನ್ನು ಮುಟ್ಟಬೇಡಿ, ಎಲ್ಲರಿಗೂ ಕಳುಹಿಸಿ ಎಂದು ಕೊನೆಯಲ್ಲಿ ಕೋರಲಾಗುತ್ತದೆ.

ಸತ್ಯ ಪರಿಶೀಲನೆ

‘ಇ’ ಕೋಡ್ ಎಂದರೇನು?

‘ಇ’ ಎಂದರೆ ಯುರೋಪ್. ಆಹಾರಕ್ಕೆ ಸೇರಿಸುವ ಬಣ್ಣ, ಹುಳಿ, ಸಂರಕ್ಷಕ ಮುಂತಾದವುಗಳಿಗೆ ಅಲ್ಲಿ ಕೊಟ್ಟಿರುವ ಕ್ರಮಸಂಖ್ಯೆ ಇದು. ಭಾರತದ ಪ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಇದೇ ಸಂಖ್ಯೆ ‘ಐಎನ್‌ಎಸ್’ ಎಂಬ ಹೆಸರಿನಲ್ಲಿ ಇರುತ್ತದೆ. ಸಂಖ್ಯೆ ಆ ವಸ್ತು ಯಾವುದು ಎಂದು ಹೇಳುತ್ತದೆ. ಅದು ಗಿಡದಿಂದ ಬಂತೋ ಪ್ರಾಣಿಯಿಂದ ಬಂತೋ ಎಂಬುದನ್ನು ಎಲ್ಲ ಸಂದರ್ಭಗಳಲ್ಲೂ ಹೇಳುವುದಿಲ್ಲ.

ಸಂದೇಶದ ಮೊದಲ ಕೋಡ್ ಇ100 ಅನ್ನೇ ತೆಗೆದುಕೊಳ್ಳಿ. ಅದು ಕರ್ಕ್ಯುಮಿನ್, ಅಂದರೆ ನಮ್ಮ ಅರಿಶಿನದ ಹಳದಿ ಬಣ್ಣ. ಇ140 ಎಲೆಗಳ ಹಸಿರು ಬಣ್ಣವಾದ ಕ್ಲೋರೊಫಿಲ್. ಪಟ್ಟಿಯಲ್ಲೇ ಇರುವ ಇ440 ಪೆಕ್ಟಿನ್. ಇದನ್ನು ಸೇಬು ಮತ್ತು ನಿಂಬೆ ಜಾತಿಯ ಹಣ್ಣುಗಳಿಂದ ತೆಗೆಯುತ್ತಾರೆ. ಚಾಕೊಲೇಟ್‌ಗಳಲ್ಲಿ ಕಾಣುವ 476ರ ಮುಖ್ಯ ಮೂಲ ಹರಳೆಣ್ಣೆ, 322 ಹೆಚ್ಚಾಗಿ ಸೋಯಾದಿಂದ ಬರುತ್ತದೆ.

ಹಾಗಾದರೆ ಗಮನಿಸಬೇಕಾದದ್ದು ಯಾವುದನ್ನು?

1. ಜೆಲಾಟಿನ್: ಜೆಲ್ಲಿ ಮಿಠಾಯಿ, ಮಾರ್ಷ್‌ಮ್ಯಾಲೋಗಳನ್ನು ಮೆತ್ತಗೆ, ರಬ್ಬರಿನಂತೆ ಮಾಡುವುದು ಇದೇ. ಹಂದಿಯ ಚರ್ಮ, ದನದ ಚರ್ಮ ಮತ್ತು ಮೂಳೆ, ಕೆಲವೊಮ್ಮೆ ಮೀನಿನಿಂದ ಇದನ್ನು ತಯಾರಿಸುತ್ತಾರೆ. ಯುರೋಪಿನಲ್ಲಿ ಹಂದಿ ಚರ್ಮವೇ ಇದರ ದೊಡ್ಡ ಮೂಲ. ಅಲ್ಲಿ ಇದಕ್ಕೆ ‘ಇ’ ಕೋಡ್ ಇಲ್ಲ. ಪ್ಯಾಕೆಟ್ ಮೇಲೆ ‘ಜೆಲಾಟಿನ್’ ಎಂದು ಹೆಸರೇ ಇರುತ್ತದೆ. ಬರೀ ಕೋಡ್ ಹುಡುಕುವವರು ಮುಖ್ಯವಾದದ್ದನ್ನೇ ನೋಡದೆ ಬಿಡುತ್ತಾರೆ. ‘ಬೀಫ್ ಜೆಲಾಟಿನ್’ ಎಂದಿದ್ದರೂ ಪ್ರಾಣಿಯನ್ನು ಶರಿಯತ್ ಪ್ರಕಾರ ವಧಿಸಲಾಗಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಪೆಕ್ಟಿನ್ ಅಥವಾ ಕಡಲ ಪಾಚಿಯ ಅಗರ್ ಬಳಸಿದ ಜೆಲ್ಲಿಗೆ ಈ ಸಮಸ್ಯೆ ಇಲ್ಲ.

2. ಇ471: ಇದು ಕೊಬ್ಬಿನಿಂದ ಮಾಡುವ ಎಮಲ್ಸಿಫೈಯರ್. ತಾಳೆ ಎಣ್ಣೆ, ಸೋಯಾ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿ ಕೊಬ್ಬಿನಿಂದಲೂ ಆಗುತ್ತದೆ. ಸಂಖ್ಯೆ ನೋಡಿ ಮೂಲ ತಿಳಿಯುವಂತಿಲ್ಲ.

3. ಇ120: ಕಾರ್ಮೈನ್ ಎಂಬ ಕೆಂಪು ಬಣ್ಣ. ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆಯುತ್ತಾರೆ. ಹನಫಿ ಪಂಥದ ಹೆಚ್ಚಿನ ವಿದ್ವಾಂಸರು ಕೀಟ ಸೇವನೆಯನ್ನು ಒಪ್ಪುವುದಿಲ್ಲ, ಮಾಲಿಕಿ ಪಂಥದಲ್ಲಿ ಸಡಿಲಿಕೆ ಇದೆ. ಇ122 ‘ಕಾರ್ಮೋಸಿನ್’ ಮತ್ತು ಇ132 ‘ಇಂಡಿಗೊ ಕಾರ್ಮೈನ್’ ಹೆಸರಿನಲ್ಲಿ ಮಾತ್ರ ಇದನ್ನು ಹೋಲುತ್ತವೆ. ಅವೆರಡೂ ಕೃತಕ ಬಣ್ಣಗಳು, ಅವುಗಳಲ್ಲಿ ಕೀಟ ಇಲ್ಲ.

4. ಇ904: ಶೆಲ್ಯಾಕ್, ಅಂದರೆ ಅರಗು. ಮಿಠಾಯಿಗೆ ಹೊಳಪು ಕೊಡಲು ಬಳಸುತ್ತಾರೆ. ಇದು ಕೀಟ ಸ್ರವಿಸುವ ವಸ್ತು. ಜೇನಿನ ಹಾಗೆ ಎಂದು ಒಪ್ಪುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ.

ಹಸಿರು ಗುರುತು ಇದ್ದರೆ ಸಾಕೇ?

ಭಾರತದ ಗ್ರಾಹಕರಿಗೆ ಇದು ದೊಡ್ಡ ಅನುಕೂಲ. ಎಫ್‌ಎಸ್‌ಎಸ್‌ಎಐ ನಿಯಮದಂತೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಅದು ಸಸ್ಯಾಹಾರ. ಅದರಲ್ಲಿ ಹಂದಿಯದಾಗಲಿ ದನದ್ದಾಗಲಿ ಕೊಬ್ಬು, ಜೆಲಾಟಿನ್ ಇರುವಂತಿಲ್ಲ. ಹಾಗಾಗಿ ಹಸಿರು ಗುರುತಿನ ಬಿಸ್ಕತ್ತಿನಲ್ಲಿ 471 ಕಂಡರೆ ಅದರ ಮೂಲ ಸಸ್ಯವೇ ಆಗಿರಬೇಕು. ಹಾಲು, ಜೇನು, ಜೇನುಮೇಣ, ಶೆಲ್ಯಾಕ್‌ಗೆ ಮಾತ್ರ ವಿನಾಯಿತಿ ಇದೆ.

ಕೋಡ್ ಹಾಕಿ ಸುಮ್ಮನಾಗುವುದಕ್ಕೂ ತಡೆ ಬಿದ್ದಿದೆ. ಇ631 ಎಂಬ ರುಚಿವರ್ಧಕವನ್ನು ಮಾಂಸ, ಮೀನಿನಿಂದಲೂ ಮರಗೆಣಸಿನ ಪಿಷ್ಟದಿಂದಲೂ ಮಾಡಬಹುದು. ಇದು ಚರ್ಚೆಗೆ ಬಂದ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ, ಪದಾರ್ಥದ ಪ್ರಮಾಣ ಎಷ್ಟೇ ಕಡಿಮೆ ಇದ್ದರೂ ಅದು ಸಸ್ಯ ಮೂಲದ್ದೋ ಪ್ರಾಣಿ ಮೂಲದ್ದೋ ಎಂದು ತಿಳಿಸಬೇಕು ಎಂದು ಹೇಳಿತು.

ಆದರೆ ಹಸಿರು ಗುರುತು ಹಲಾಲ್ ಗುರುತಲ್ಲ. ಅದು ಮದ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೊಟ್ಟೆ ಹಾಕದ ಪ್ಲಮ್ ಕೇಕ್‌ನ ಒಣಹಣ್ಣುಗಳನ್ನು ರಮ್‌ನಲ್ಲಿ ನೆನೆಸಿದ್ದರೂ ಅದು ಸಸ್ಯಾಹಾರವೇ. ವೆನಿಲಾ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಅಮೆರಿಕದ ನಿಯಮದ ಪ್ರಕಾರವೇ ಕನಿಷ್ಠ ಶೇ 35ರಷ್ಟು ಆಲ್ಕೋಹಾಲ್ ಇರಬೇಕು. ಕೇಕ್‌ನಲ್ಲಿ ಉಳಿಯುವುದು ಅತ್ಯಲ್ಪ, ಇದರ ಬಗ್ಗೆಯೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ರಮ್, ಬ್ರಾಂಡಿ, ವೈನ್, ಲಿಕ್ಕರ್ ಎಂಬ ಹೆಸರು ಕಂಡರೆ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಿ.

ಕಂದು ಬಣ್ಣದ ಮಾಂಸಾಹಾರಿ ಗುರುತು ಇದ್ದ ಮಾತ್ರಕ್ಕೆ ಹರಾಮ್ ಎಂದೂ ಅಲ್ಲ. ಕೋಳಿಮೊಟ್ಟೆ ಹಾಕಿದ ಕೇಕ್‌ಗೂ ಇದೇ ಗುರುತು, ಮೊಟ್ಟೆ ಹಲಾಲ್.

ಹಲಾಲ್ ಮುದ್ರೆ ಇಲ್ಲದಿದ್ದರೆ ತಿನ್ನಬಾರದೇ?

ಹಾಗೇನಿಲ್ಲ. ಎಫ್‌ಎಸ್‌ಎಸ್‌ಎಐ ಹಲಾಲ್ ಮುದ್ರೆ ಕೊಡುವುದಿಲ್ಲ, ಖಾಸಗಿ ಸಂಸ್ಥೆಗಳು ಶುಲ್ಕ ಪಡೆದು ಪ್ರಮಾಣಪತ್ರ ಕೊಡುತ್ತವೆ. ಎಷ್ಟೋ ತಯಾರಕರು ಅದನ್ನು ಪಡೆದಿರುವುದೇ ಇಲ್ಲ. ಹಾಲು, ಸಕ್ಕರೆ, ತುಪ್ಪದ ಪೇಡಾಕ್ಕೆ ಮುದ್ರೆ ಇಲ್ಲವೆಂದು ಅನುಮಾನಿಸಬೇಕಿಲ್ಲ. ಜೆಲಾಟಿನ್ ಇರುವ ಮಿಠಾಯಿಗೆ ಮಾತ್ರ ಮುದ್ರೆಯ ಮಹತ್ವ ಹೆಚ್ಚು. ಆಗ ಕೊಟ್ಟ ಸಂಸ್ಥೆಯ ಹೆಸರು ನೋಡಿ, ಅದರ ವೆಬ್‌ಸೈಟ್‌ನಲ್ಲಿ ಖಚಿತಪಡಿಸಿಕೊಳ್ಳಿ.

ವಿದೇಶದಿಂದ ತಂದ ಚಾಕೊಲೇಟ್, ಜೆಲ್ಲಿ?

ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಗಲ್ಫ್‌ನಿಂದ ಬರುವವರು ಚಾಕೊಲೇಟ್ ಡಬ್ಬಿ ತರುವುದು ಮಾಮೂಲು. ದುಬೈ ಸೂಪರ್‌ಮಾರ್ಕೆಟ್‌ಗಳಲ್ಲಿ ಹಂದಿ ಮೂಲದ ವಸ್ತುಗಳನ್ನು ಬೇರೆ ವಿಭಾಗದಲ್ಲೇ ಇಡುತ್ತಾರೆ. ಯುರೋಪ್, ಅಮೆರಿಕದಿಂದ ಬಂದ ಪ್ಯಾಕೆಟ್‌ಗಳನ್ನು ಹೆಚ್ಚು ಎಚ್ಚರದಿಂದ ನೋಡಬೇಕು, ಏಕೆಂದರೆ ಅಲ್ಲಿ ನಮ್ಮ ಹಸಿರು ಚುಕ್ಕೆ ಇಲ್ಲ. ಬ್ರ್ಯಾಂಡ್ ಹೆಸರು ಒಂದೇ ಇದ್ದ ಮಾತ್ರಕ್ಕೆ ಪದಾರ್ಥ ಒಂದೇ ಎಂದುಕೊಳ್ಳಬೇಡಿ. ಉದಾಹರಣೆಗೆ, ಹರಿಬೋ ಕಂಪನಿಯ ಕರಡಿ ಆಕಾರದ ಜೆಲ್ಲಿಗೆ ಜರ್ಮನಿಯಲ್ಲಿ ಹಂದಿ ಜೆಲಾಟಿನ್ ಬಳಸುತ್ತಾರೆ. ಅದೇ ಕಂಪನಿ ಟರ್ಕಿಯಲ್ಲಿ ದನದ ಜೆಲಾಟಿನ್‌ನ ಹಲಾಲ್ ಜೆಲ್ಲಿ ತಯಾರಿಸುತ್ತದೆ. ನಿಮ್ಮ ಕೈಯಲ್ಲಿರುವ ಪ್ಯಾಕೆಟ್ ಎಲ್ಲಿಯದು ಎಂದು ಓದಿಯೇ ನಿರ್ಧರಿಸಬೇಕು.

ಅಂಗಡಿಯ ಬಿಡಿ ಸಿಹಿ?

ಬಿಡಿ ಸಿಹಿಗೆ ಲೇಬಲ್ ಇರುವುದಿಲ್ಲ, ಕೇಳುವುದೊಂದೇ ದಾರಿ. ಹೆಚ್ಚಿನವರ ಅನುಮಾನ ಬೆಳ್ಳಿ ಹಾಳೆಯ ಮೇಲೆ. ಹಿಂದೆ ಬೆಳ್ಳಿಯನ್ನು ದನದ ಕರುಳಿನ ಪದರಗಳ ನಡುವೆ ಇಟ್ಟು ಬಡಿದು ತೆಳುವಾಗಿಸುತ್ತಿದ್ದದ್ದು ನಿಜ. 2016ರಲ್ಲಿ ಎಫ್‌ಎಸ್‌ಎಸ್‌ಎಐ, ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿ ಮೂಲದ ವಸ್ತು ಬಳಸಬಾರದು ಎಂದು ನಿಯಮ ತಂದಿತು. ಈಗ ಯಂತ್ರದಲ್ಲಿ ಮಾಡಿದ ಹಾಳೆ ಸಿಗುತ್ತದೆ. ಯಾವುದು ಬಳಸುತ್ತೀರಿ ಎಂದು ಅಂಗಡಿಯವರನ್ನು ಕೇಳಿ. ಸಂಶಯ ಉಳಿದರೆ ಬೆಳ್ಳಿ ಹಾಳೆ ಇಲ್ಲದ ಸಿಹಿ ಕೊಳ್ಳಿ.

ಫಾರ್ವರ್ಡ್ ಮಾಡುವ ಮೊದಲು

2014ರ ಮೇ ತಿಂಗಳಲ್ಲಿ ಮಲೇಷ್ಯಾದಲ್ಲಿ ಕ್ಯಾಡ್‌ಬರಿಯ ಎರಡು ಚಾಕೊಲೇಟ್‌ಗಳಲ್ಲಿ ಹಂದಿಯ ಡಿಎನ್‌ಎ ಪತ್ತೆಯಾಯಿತು ಎಂದು ಸುದ್ದಿಯಾಗಿ, ದೊಡ್ಡ ಗದ್ದಲವೇ ಎದ್ದಿತ್ತು. ಅಲ್ಲಿನ ಸರ್ಕಾರಿ ಹಲಾಲ್ ಸಂಸ್ಥೆ ಜಾಕಿಮ್ ಕಾರ್ಖಾನೆಯಿಂದಲೇ ಮಾದರಿ ತರಿಸಿ ಮತ್ತೆ ಪರೀಕ್ಷಿಸಿದಾಗ ಹಂದಿಯ ಡಿಎನ್‌ಎ ಸಿಗಲಿಲ್ಲ. ಆದರೂ ಮೊದಲ ಸುದ್ದಿಯ ಬಲದ ಮೇಲೆ ಬಹಿಷ್ಕಾರದ ಕರೆಗಳು ಅಷ್ಟರಲ್ಲಿ ಹೊರಟಾಗಿತ್ತು. ಒಂದು ತಪ್ಪು ಪಟ್ಟಿಯಿಂದ ನೆರೆಯ ಬೇಕರಿಯವರ ವ್ಯಾಪಾರವೂ ಹೀಗೇ ಹಾಳಾಗಬಹುದು. ಪಟ್ಟಿಯನ್ನು ನಂಬಿ ಅರಿಶಿನಕ್ಕೆ ಹೆದರುವವರ ಮನೆಗೆ, ಕೋಡ್ ಇಲ್ಲದ ಕಾರಣಕ್ಕೆ ಹಂದಿ ಜೆಲಾಟಿನ್ ಬಂದು ಸೇರಲೂಬಹುದು.

ತೀರ್ಮಾನ

‘ಇ’ ಕೋಡ್ ಎಂದರೆ ಹಂದಿ ಕೊಬ್ಬು ಎಂಬ ಹೇಳಿಕೆ ಬಹುಪಾಲು ಸುಳ್ಳು. ಕೊಳ್ಳುವಾಗ ಈ ಕ್ರಮದಲ್ಲಿ ನೋಡಿ: ಮೊದಲು ಹಸಿರು ಅಥವಾ ಕಂದು ಗುರುತು, ನಂತರ ಜೆಲಾಟಿನ್ ಮತ್ತು ಮದ್ಯದ ಹೆಸರು, ಪ್ರಾಣಿ ಮೂಲದ್ದಿದ್ದರೆ ಹಲಾಲ್ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಪ್ಯಾಕೆಟ್ ಮೇಲಿರುವ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿ ಮೂಲ ಕೇಳಿ. ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯ ಇರುವ ಪದಾರ್ಥಗಳ ಬಗ್ಗೆ ನೀವು ನಂಬುವ ಆಲಿಮರನ್ನು ವಿಚಾರಿಸಿ.