ಉಮಾಶ್ರೀ: ನಗೆಯ ಚೌಕಟ್ಟನ್ನು ಮೀರಿದ ಅಭಿನೇತ್ರಿ

ಕನ್ನಡ ಚಿತ್ರರಂಗದಲ್ಲಿ ನಾಯಕಿಯರ ಪಟ್ಟಿ ದೊಡ್ಡದು. ಹಾಸ್ಯನಟಿಯರ ಪಟ್ಟಿ ಚಿಕ್ಕದು. ರಮಾದೇವಿ, ಎಂ.ಎನ್. ಲಕ್ಷ್ಮೀದೇವಿ, ಬಿ. ಜಯಾ, ರೇಖಾದಾಸ್ ಹೀಗೆ ಕೆಲವು ಹೆಸರುಗಳನ್ನು ಹೇಳುವಷ್ಟರಲ್ಲಿ ನಾವು ತಡವರಿಸತೊಡಗುತ್ತೇವೆ. ಈ ಚಿಕ್ಕ ಪಟ್ಟಿಯಲ್ಲಿ ಇದ್ದುಕೊಂಡೇ ರಾಷ್ಟ್ರಮಟ್ಟದ ಶ್ರೇಷ್ಠ ನಟಿ ಪ್ರಶಸ್ತಿಯವರೆಗೆ ನಡೆದವರು ಶ್ರೀಮತಿ ಉಮಾಶ್ರೀ.

ತುಮಕೂರು ಜಿಲ್ಲೆಯ ತಿಪಟೂರು ತಾಲೂಕಿನ ನೊಣವಿನಕೆರೆಯಲ್ಲಿ 1957ರಲ್ಲಿ ಜನಿಸಿದ ಉಮಾಶ್ರೀಯವರ ನಿಜವಾದ ಪಾಠಶಾಲೆ ರಂಗಭೂಮಿ. ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ಪಳಗಿದ ಅವರು ಚಿತ್ರರಸಿಕರ ಕಣ್ಣಿಗೆ ಬಿದ್ದದ್ದು ಕಾಶೀನಾಥ್ ಅವರ ‘ಅನುಭವ’ (1984) ಚಿತ್ರದಿಂದ. ದಾಂಪತ್ಯ ಮತ್ತು ಕಾಮದ ಬಗ್ಗೆ ಆ ಕಾಲಕ್ಕೆ ತೀರ ಬಿಚ್ಚುಮನಸ್ಸಿನಿಂದ ಮಾತನಾಡಿದ ಚಿತ್ರವದು. ಅದರ ಯಶಸ್ಸು ಅವರಿಗೆ ಹೆಸರನ್ನು ತಂದಿತು, ಜೊತೆಗೆ ಒಂದು ಹಣೆಪಟ್ಟಿಯನ್ನೂ ಅಂಟಿಸಿತು.

ಮುಂದಿನ ಹತ್ತು ವರ್ಷಗಳಲ್ಲಿ ಎನ್.ಎಸ್. ರಾವ್, ದಿನೇಶ್, ಮೈಸೂರು ಲೋಕೇಶ್, ದೊಡ್ಡಣ್ಣ ಮುಂತಾದವರೊಂದಿಗೆ ಅವರು ನಟಿಸಿದ ಹಾಸ್ಯ ಸನ್ನಿವೇಶಗಳಿಗೆ ಲೆಕ್ಕವಿಲ್ಲ. ಬಾಯಿಬಡುಕಿ ಹೆಂಡತಿ, ಚೆಲ್ಲು ಚೆಲ್ಲಾದ ಹೆಣ್ಣು, ಎರಡರ್ಥದ ಮಾತು: ಪಾತ್ರಗಳು ಒಂದೇ ಅಚ್ಚಿನವು. ಚಿತ್ರದ ಮುಖ್ಯ ಕಥೆಗೆ ಅವು ಸಂಬಂಧಪಟ್ಟವೂ ಆಗಿರುತ್ತಿರಲಿಲ್ಲ. ಆ ಮಾತುಗಳಿಗೆ ನಾವೆಲ್ಲ ನಕ್ಕಿದ್ದೇವೆ. ನಕ್ಕ ಮೇಲೆ ನಟಿಯನ್ನು ತುಸು ಹಗುರವಾಗಿ ಕಂಡದ್ದೂ ಉಂಟು. ಇದೇ ಬಗೆಯ ಮಾತನ್ನಾಡಿದ ಗಂಡು ನಟರಿಗೆ ಮಾತ್ರ ಈ ಶಿಕ್ಷೆ ಇರಲಿಲ್ಲ! ರಾಜ್ಯೋತ್ಸವ, ಗಣೇಶೋತ್ಸವಗಳ ವೇದಿಕೆಗೆ ಹಾಸ್ಯ ಕಲಾವಿದೆಯರನ್ನು ಕರೆಸುವ ನಮ್ಮಂಥ ಸಂಘಗಳೂ ಈ ವಿಷಯದಲ್ಲಿ ನಿರಪರಾಧಿಗಳಲ್ಲ. ಕಲಾವಿದೆ ವೇದಿಕೆ ಏರುವ ಮೊದಲೇ ಸಭಿಕರಿಂದ ಹಳೆಯ ಡೈಲಾಗಿನ ಬೇಡಿಕೆ ಬಂದಿರುತ್ತದೆ. ಬೇರೇನನ್ನಾದರೂ ಮಾಡಿ ತೋರಿಸಲು ಅವಕಾಶವೇ ಇರುವುದಿಲ್ಲ.

ಆದರೆ ಸಿನಿಮಾ ಕೊಡದಿದ್ದುದನ್ನು ಉಮಾಶ್ರೀಯವರಿಗೆ ರಂಗಭೂಮಿ ಕೊಟ್ಟಿತು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಸಾಕವ್ವನಾದವರು ಇವರೇ. ಕಳೆದುಹೋದ ಹುಂಜವನ್ನು ಹುಡುಕುತ್ತ ಕೇರಿಯೆಲ್ಲ ಶಪಿಸುವ ಮುದುಕಿ ಆಕೆ. ಆಕೆಯ ಬೈಗುಳಕ್ಕೆ ನಗು ಬರುತ್ತದೆ. ಆ ಮನೆಯ ಹಸಿವನ್ನು ಕಂಡೊಡನೆ ಅದೇ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಾತನ್ನು ಎಲ್ಲಿ ಎಳೆಯಬೇಕು, ಎಲ್ಲಿ ತಟಕ್ಕನೆ ನಿಲ್ಲಿಸಬೇಕು ಎಂಬ ಹಾಸ್ಯನಟಿಯ ಲೆಕ್ಕಾಚಾರವೇ ಇಲ್ಲಿ ದುಃಖಕ್ಕೂ ಒದಗುತ್ತದೆ. ಅವರ ಅಭಿನಯದ ಗುಟ್ಟು ಇದೇ ಎಂದು ನಮ್ಮ ಭಾವನೆ.

ಚಿತ್ರರಂಗ ಇದನ್ನು ತಡವಾಗಿ ಅರಿತುಕೊಂಡಿತು. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ (1994) ಒಂದು ತಿರುವು. ಮರುವರ್ಷ ತೆರೆಕಂಡ ರವಿಚಂದ್ರನ್ ಅವರ ‘ಪುಟ್ನಂಜ’ದಲ್ಲಿ, ಇನ್ನೂ ನಲವತ್ತು ತುಂಬದ ಉಮಾಶ್ರೀ ನಾಯಕನ ಅಜ್ಜಿಯಾದರು. ಬಿಳಿಗೂದಲು, ಬಾಗಿದ ಬೆನ್ನು, ಹಳ್ಳಿಯ ಗಟ್ಟಿ ಗಂಟಲು; ನೋಡಿದವರು ವಯಸ್ಸನ್ನೇ ಮರೆತರು. ಇಂದಿಗೂ ಅನೇಕ ಮನೆಗಳಲ್ಲಿ ಆ ಚಿತ್ರವೆಂದರೆ ಮೊದಲು ನೆನಪಾಗುವುದು ಆ ಅಜ್ಜಿಯೇ. ಯೋಗರಾಜ್ ಭಟ್ಟರ ಮೊದಲ ಚಿತ್ರ ‘ಮಣಿ’ (2003)ಯಲ್ಲಿಯೂ ಅವರ ಪಾತ್ರ ತೂಕದ್ದು.

ಬಳಿಕ ಬಂದದ್ದು ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008). ವೈದೇಹಿಯವರ ಕಥೆಯನ್ನು ಆಧರಿಸಿದ ಈ ಚಿತ್ರದ ಗುಲಾಬಿ, ಕುಂದಾಪುರ ಕಡೆಯ ಮೀನುಗಾರರ ನಡುವೆ ಬಾಳುವ ಮುಸ್ಲಿಂ ಸೂಲಗಿತ್ತಿ. ಗಂಡ ಬಿಟ್ಟುಹೋದ, ಸಿನಿಮಾದ ಹುಚ್ಚಿರುವ ಹೆಣ್ಣು. ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಬಂದ ಟಿವಿ ಆಕೆಯ ಗುಡಿಸಲಿಗೆ ಊರ ಹೆಂಗಸರನ್ನೆಲ್ಲ ಕರೆತರುತ್ತದೆ. ಕಾರ್ಗಿಲ್ ಯುದ್ಧದ ದಿನಗಳ ಸಂಶಯ ಅದೇ ಜನರನ್ನು ದೂರ ಮಾಡುತ್ತದೆ. ಟಿವಿ ಪೆಟ್ಟಿಗೆಯ ಮುಂದೆ ಕುಳಿತ ಗುಲಾಬಿಯ ಮುಖದಲ್ಲಿ ಅರಳುವ ಬೆರಗಿಗೆ ಮಾತೇ ಬೇಕಿಲ್ಲ. ಮಾತಿನಿಂದಲೇ ಅನ್ನ ಸಂಪಾದಿಸಿದ ನಟಿ ಇಲ್ಲಿ ಮೌನದಿಂದ ಗೆದ್ದರು. ಈ ಪಾತ್ರಕ್ಕಾಗಿ 2008ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು. ಅದಕ್ಕೂ ಮುನ್ನ ಕನ್ನಡ ಚಿತ್ರಗಳಿಗಾಗಿ ಈ ಗೌರವ ಪಡೆದವರಲ್ಲಿ ‘ಕಾಡು’ವಿನ ನಂದಿನಿ ಭಕ್ತವತ್ಸಲ ಹಾಗೂ ‘ಹಸೀನಾ’ದ ತಾರಾ ಇದ್ದಾರೆ. ‘ಅನುಭವ’ದಿಂದ ಇಲ್ಲಿಗೆ 24 ವರ್ಷಗಳ ದಾರಿ!

ರಾಜಕೀಯದ ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, 2001ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡ ಅವರು 2013ರಲ್ಲಿ ತೇರದಾಳ ಕ್ಷೇತ್ರದಿಂದ ಕಾಂಗ್ರೆಸ್ ಶಾಸಕಿಯಾಗಿ ಆಯ್ಕೆಯಾಗಿ ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಕಲ್ಯಾಣ ಖಾತೆಗಳ ಸಚಿವೆಯಾದರು. 2018ರ ಚುನಾವಣೆಯಲ್ಲಿ ಸೋತರು. 2023ರಲ್ಲಿ ಮತ್ತೆ ಪರಿಷತ್ತಿಗೆ ನಾಮಕರಣಗೊಂಡರು.

ಅಧಿಕಾರದ ನಡುವೆಯೂ ಬಣ್ಣದ ನಂಟು ಕಡಿದುಹೋಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ, ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ, ಹೊರನಾಡಿನ ನಮ್ಮ ಮನೆಗಳ ಸಂಜೆಗಳಿಗೂ ಬಂದರು. ಬೇಲೂರು ರಘುನಂದನ್ ರಚಿಸಿ ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕದಲ್ಲಿ ಇಡೀ ರಂಗವನ್ನು ಒಬ್ಬರೇ ತುಂಬಿದರು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ, ಪೆರ್ಡೂರು ಮೇಳದವರ ಶ್ರೀರಾಮ ಪಟ್ಟಾಭಿಷೇಕ ಪ್ರಸಂಗದಲ್ಲಿ ಯಕ್ಷಗಾನದ ಮಂಥರೆಯಾಗಿ ರಂಗಪ್ರವೇಶ ಮಾಡಿದಾಗ ಅವರಿಗೆ 67 ವರ್ಷ.