ಎಳೆಗಣ್ಣಿನೊಳಗಿನ ಚಿತ್ರ

ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಗಾಜಿನ ಪೆಟ್ಟಿಗೆಯಿಂದ ಹೊರಬಂದು ಹಾಲು ಕುಡಿಯತೊಡಗಿದರೆ, ಮನೆಯವರು ಗಂಡಾಂತರ ಕಳೆಯಿತೆಂದುಕೊಳ್ಳುತ್ತಾರೆ. ಆದರೆ ಅದೇ ಹೊತ್ತಿಗೆ ಕಣ್ಣಿನೊಳಗೆ ಇನ್ನೊಂದು ಗಂಡಾಂತರ ಶುರುವಾಗಿರಬಹುದು.

ಕಣ್ಣಿನ ಹಿಂಭಾಗದ ಅಕ್ಷಿಪಟಲದ ರಕ್ತನಾಳಗಳು ಪೂರ್ತಿ ಬೆಳೆಯುವುದು ಒಂಬತ್ತು ತಿಂಗಳು ತುಂಬುವ ಸುಮಾರಿಗೆ. ಮೊದಲೇ ಹುಟ್ಟಿದ ಮಕ್ಕಳಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕೀಳಬಹುದು. ಹಾಗಾದರೆ ಶಾಶ್ವತ ಕುರುಡು. ವೈದ್ಯರು ಇದನ್ನು ‘ಆರ್‌ಒಪಿ’ ಎನ್ನುತ್ತಾರೆ. ಆರಂಭದಲ್ಲಿ ಹೊರಗಿನಿಂದ ನೋಡಿದರೆ ಕಣ್ಣಿನಲ್ಲಿ ಯಾವ ದೋಷವೂ ಕಾಣದು.

ಈ ರೋಗವನ್ನು ಬಾಸ್ಟನ್ನಿನ ವೈದ್ಯ ಥಿಯೋಡರ್ ಟೆರಿ ಮೊದಲು ವರದಿ ಮಾಡಿದ್ದು 1942ರಲ್ಲಿ. ಕೂಸನ್ನು ಉಳಿಸಲು ಮಿತಿಯಿಲ್ಲದೆ ಕೊಡುತ್ತಿದ್ದ ಆಮ್ಲಜನಕವೂ ಇದಕ್ಕೆ ಕಾರಣವೆಂದು 1950ರ ದಶಕದಲ್ಲಿ ತಿಳಿಯಿತು. ಮನುಷ್ಯನ ಅಕ್ಷಿಪಟಲದ ಫೋಟೊ ತೆಗೆಯುವ ಯತ್ನ 1886ರಲ್ಲೇ ನಡೆದಿತ್ತು. ಆದರೆ ದೊಡ್ಡವರನ್ನು ಕೂರಿಸಿ ಚಿತ್ರ ತೆಗೆಯುವ ಯಂತ್ರ ಹಸುಗೂಸಿಗೆ ಹೊಂದುವುದೆಂತು? ಕೈಯಲ್ಲಿ ಹಿಡಿದು ಕಣ್ಣಿನ ಒಳಭಾಗವನ್ನು ವಿಶಾಲವಾಗಿ ಸೆರೆಹಿಡಿಯುವ ‘ರೆಟ್‌ಕ್ಯಾಮ್’ ಬಂದದ್ದು 1990ರ ದಶಕದ ಕೊನೆಗೆ.

ಕರ್ನಾಟಕದ ಕಷ್ಟ ಬೇರೆಯಿತ್ತು. ಕೂಸುಗಳು ಜಿಲ್ಲೆಗಳಲ್ಲಿ, ತಜ್ಞರು ನಗರಗಳಲ್ಲಿ. ಬೆಂಗಳೂರಿನ ರಾಜಾಜಿನಗರದಲ್ಲಿರುವ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿಣೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ‘ಕಿಡ್ರಾಪ್’ ಯೋಜನೆ ಆರಂಭವಾಯಿತು. ಅದರ ಉಪಾಯ ಸರಳ: ಕೂಸನ್ನು ತಜ್ಞರ ಬಳಿಗೆ ಒಯ್ಯುವ ಬದಲು ಕೂಸಿನ ಕಣ್ಣಿನ ಚಿತ್ರವನ್ನು ಕಳುಹಿಸುವುದು.

ತರಬೇತಾದ ತಂತ್ರಜ್ಞರು ಕ್ಯಾಮೆರಾದೊಡನೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಹನಿ ಹಾಕಿ ಪಾಪೆ ಹಿಗ್ಗಿಸಿ ಚಿತ್ರ ತೆಗೆಯುತ್ತಾರೆ. ಅಲ್ಲಿಯೇ ಬಣ್ಣದ ಗುರುತಿನಿಂದ ವಿಂಗಡಿಸುತ್ತಾರೆ. ಹಸಿರೆಂದರೆ ಚಿಂತೆಯಿಲ್ಲ, ಕಿತ್ತಳೆಯೆಂದರೆ ಮತ್ತೆ ನೋಡಬೇಕು, ಕೆಂಪೆಂದರೆ ತಡಮಾಡುವಂತಿಲ್ಲ. ಚಿತ್ರಗಳು ಅಂತರ್ಜಾಲದ ಮೂಲಕ ಬೆಂಗಳೂರಿನ ತಜ್ಞರ ಕಣ್ಣಿಗೆ ಬೀಳುತ್ತವೆ. ರೋಗ ಬಲಿತಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಚಿಕಿತ್ಸೆಯಾಗಬೇಕು.

ಚಿತ್ರದಿಂದ ಇನ್ನೊಂದು ಲಾಭವಿದೆ. ಹಿಂದೆ ವೈದ್ಯರು ಕಂಡದ್ದನ್ನು ಕೈಯಲ್ಲಿ ಬರೆದಿಡುತ್ತಿದ್ದರು. ಈಗ ಹೋದ ವಾರದ ಚಿತ್ರವನ್ನೂ ಈ ವಾರದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು, ಇನ್ನೊಬ್ಬ ತಜ್ಞರಿಗೂ ತೋರಿಸಬಹುದು. ಹೆತ್ತವರಿಗೂ ತೋರಿಸಬಹುದು. ‘ಕಣ್ಣು ಚೆನ್ನಾಗಿಯೇ ಇದೆಯಲ್ಲ’ ಎನ್ನುವ ತಾಯಿಗೆ ಮಾತಿಗಿಂತ ಚಿತ್ರವೇ ಬೇಗ ಮನದಟ್ಟಾಗುತ್ತದೆ.

ಇದು ಮುಖ್ಯ, ಏಕೆಂದರೆ ಒಮ್ಮೆಯ ತಪಾಸಣೆಯಿಂದ ಕೆಲಸ ಮುಗಿಯುವುದಿಲ್ಲ. ಮತ್ತೆ ಬರಲು ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡನ್ನೂ ಬಿಡಬೇಕು. ಬಾರದೇ ಉಳಿದ ಕೂಸಿಗೆ ಯಾವ ಕ್ಯಾಮೆರಾವೂ ನೆರವಾಗದು.

ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬದೆ ಹುಟ್ಟಿದ ಕೂಸಿಗೆ 30 ದಿನಗಳೊಳಗೆ ಕಣ್ಣಿನ ತಪಾಸಣೆಯಾಗಬೇಕು, ತೀರಾ ಎಳೆಯ ಕೂಸಾದರೆ ಇನ್ನೂ ಮೊದಲೇ ಆಗಬೇಕು ಎಂಬುದು ನಮ್ಮ ದೇಶದ ನಿಯಮ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಹೆತ್ತವರು ತಪ್ಪದೆ ಕೇಳಬೇಕಾದ ಮಾತು ಒಂದೇ: ‘ಮಗುವಿನ ಕಣ್ಣಿನ ಒಳಭಾಗ ನೋಡಿದಿರಾ?’